ಸ್ಪಷ್ಟನೆ: ಡೆಂಗಿ ಸೊಳ್ಳೆ ನಮ್ಮ ಹೊಂಡದ್ದಲ್ಲ

ಶಿರಸಿಯ ನಮ್ಮ ಆಫೀಸಿನ ಹಿತ್ತಲಲ್ಲಿ ಕಪ್ಪೆ, ಹಕ್ಕಿಗಳಿಗೆಂದು ತೋಡಿದ ಹೊಂಡದಿಂದಲೇ ಡೆಂಗಿ ಸೊಳ್ಳೆ ಹುಟ್ಟುತ್ತಿದೆ, ಮುಚ್ಚಿಸಿ ಎಂಬ ವಾಟ್ಸಾಪ್ ಸಂದೇಶ ಎರಡು ದಿನದಿಂದ ಓಡಾಡುತ್ತಿದೆ. ಇದು ಸರಿಯಲ್ಲ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೊಂಡವೇ ಬೇಕಿಲ್ಲ. ಬಕೆಟ್, ತೆಂಗಿನ ಚಿಪ್ಪು, ಬಿದ್ದ ಅಡಿಕೆ ಹಾಳೆ, ಇಂಥದ್ದರಲ್ಲಿ ನಿಂತ ಮಳೆನೀರು ಸಾಕು. ಸುಮಾರು 7ರಿಂದ 10 ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ನೀರು ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಸುಮ್ನೆ ಚೆಲ್ಲಿದರೆ ಸಾಲದು, ಪಾತ್ರೆಯ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು.

ನಿನ್ನೆ ಹೊಂಡದ ನೀರನ್ನು ಬಿಳಿ ತಟ್ಟೆಗೆ ತೆಗೆದು ನೋಡಿದೆವು. ಗೊದಮೊಟ್ಟೆ ಇದ್ದವು. ಕೆಸರಿನ ಬಣ್ಣದ, ಆರು ಕಾಲಿನ ಏರೋಪ್ಲೇನ್ ಚಿಟ್ಟೆ ಮರಿಗಳೂ ಇದ್ದವು. ಸೊಳ್ಳೆಮರಿ ಅಂದರೆ ಈ ಚಿಟ್ಟೆ ಮರಿಗಳಿಗೆ ಊಟ. ಆಮೇಲೆ ಬೈಕ್ ಶೆಡ್ ಹಿಂದಿನ ಹಳೇ ಟೈರಿಗೆ ಟಾರ್ಚ್ ಹಾಕಿದರೆ, ಒಳಗೆಲ್ಲ ಸೊಳ್ಳೆಮರಿಗಳೇ ಕುಣಿಯುತ್ತಿದ್ದವು!

ದಯವಿಟ್ಟು ಹೊಂಡಕ್ಕೆ ಸೀಮೆಎಣ್ಣೆ, ಫಿನಾಯಿಲ್ ಸುರಿಯಬೇಡಿ. ಸೊಳ್ಳೆ ತಿನ್ನುವ ಜೀವಿಗಳೇ ಸಾಯುತ್ತವೆ, ಅಲ್ವಾ? ಅಂಚಿನ ಹುಲ್ಲನ್ನೂ ಪೂರ್ತಿ ಸವರಬೇಡಿ, ಏರೋಪ್ಲೇನ್ ಚಿಟ್ಟೆ ನೀರಿನಿಂದ ಹೊರಬರುವುದು ಆ ದಂಟು ಹಿಡಿದೇ. ಟೈರುಗಳನ್ನು ಇಂದೇ ಖಾಲಿ ಮಾಡಿ ಒಳಗಿಟ್ಟಿದ್ದೇವೆ.