ಒಲೆ ಹಾಕಿಸಿದ್ದು ಎರಡು ದಿನ, ಕಲಿತದ್ದು ಒಂದು ಮಳೆಗಾಲ

ಹೋದ ವಾರ ಬೆಂಗಳೂರಿನಿಂದ ಗೆಳೆಯನೊಬ್ಬ ಬಂದಿದ್ದ. ಹಿಂದಿನ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಫೋಟೋ ತೆಗೆದು, ‘ಅಜ್ಜಿ ಕಾಲದ ಒಲೆ, ಆಹಾ ಆ ಹೊಗೆಯ ಪರಿಮಳ’ ಅಂತ ಸ್ಟೇಟಸ್ ಹಾಕಿದ. ನನಗೆ ನಗು ಬಂತು. ಅವನು ತೆಗೆದ ಫೋಟೋದಲ್ಲಿ ಹೊಗೆಯೇ ಇರಲಿಲ್ಲ. ಹೊಗೆ ಇರಬಾರದು ಅಂತಲೇ ನಾನು ಒಂದಿಡೀ ಮಳೆಗಾಲ ಒದ್ದಾಡಿದ್ದು.

ಆ ಒದ್ದಾಟದ ಕತೆ ಇದು. ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮನೆಯಲ್ಲಿ ಗ್ಯಾಸ್ ಇದೆ. ಚಾ, ಒಗ್ಗರಣೆ, ದೋಸೆ ಎಲ್ಲ ಅದರಲ್ಲೇ. ಆದರೆ ಕುಚ್ಚಲಕ್ಕಿ ಬೇಯಿಸುವುದಕ್ಕೆ, ಕಡುಬಿಗೆ, ದನಕ್ಕೆ ಬೇಯಿಸಿ ಹಾಕುವುದಕ್ಕೆ ಗ್ಯಾಸ್ ಉರಿಸಿದರೆ ಸಿಲಿಂಡರ್ ಎಷ್ಟು ದಿನ ಬಂದೀತು? ತೋಟದಲ್ಲಿ ಬಿದ್ದ ಸೋಗೆ, ಕರಟ, ಒಣಗಿದ ಟೊಂಗೆ ಕೊಳೆಯುತ್ತಾ ಇರುತ್ತದೆ. ಜುಲೈಯಲ್ಲಿ ಮಳೆ ಹಿಡಿದರೆ ಗ್ಯಾಸಿನ ಗಾಡಿ ಯಾವತ್ತು ಬರುತ್ತದೆ ಅಂತ ಹೇಳುವ ಹಾಗಿಲ್ಲ. ಹಾಗಾಗಿ ಕಟ್ಟಿಗೆ ಒಲೆ ಬೇಕೇ ಬೇಕು. (ಬಚ್ಚಲಿನ ಹಂಡೆ ಒಲೆಯ ಕತೆ ಬೇರೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.)

ಹಳೆಯ ಒಲೆ ಇತ್ತು. ಮಣ್ಣಿನ ತೆರೆದ ಒಲೆ. ಹೊಗೆ ಹೆಂಚಿನ ಸಂದಿಯಲ್ಲಿ ಹೋದರೆ ಹೋಯಿತು, ಇಲ್ಲದಿದ್ದರೆ ಒಳಗೇ. ಜಂತಿಯೆಲ್ಲ ಕರಿ, ಇಲ್ಲಣ ದಾರದ ಹಾಗೆ ನೇತಾಡುತ್ತಿತ್ತು. ನಮ್ಮ ಅಜ್ಜಿ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಆದರೂ ಕೊನೆಯ ಆರೇಳು ವರ್ಷ ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ. ಡಾಕ್ಟರು ಮೊದಲು ಕೇಳಿದ್ದೇ ‘ಒಲೆ ಮುಂದೆ ಎಷ್ಟು ವರ್ಷ ಕೂತಿದ್ದೀರಿ ಅಮ್ಮಾ?’ ಅಂತ. ಬೀಡಿ ಸಿಗರೇಟು ಸೇದದ ಹೆಂಗಸರಿಗೆ ಶ್ವಾಸಕೋಶದ ಈ ಉಬ್ಬಸದ ಕಾಯಿಲೆ ಬರುವುದಕ್ಕೆ ಅಡುಗೆಮನೆಯ ಹೊಗೆ ಒಂದು ದೊಡ್ಡ ಕಾರಣ. ಈಗ ಆ ಜಾಗದಲ್ಲಿ ಅಮ್ಮ ಕೂರುತ್ತಾರೆ. ಆದ್ದರಿಂದ ಒಲೆಯ ಪರಿಮಳ ಅಂತ ಯಾರಾದರೂ ಬರೆದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ನಾನು ಹಾಕಿಸಿದ್ದು ಅಸ್ತ್ರ ಒಲೆ, ಮೂರು ಪಾತ್ರೆ ಕೂರುವ, ಹೊಗೆ ಚಿಮಣಿಯಿಂದ ಹೊರಗೆ ಹೋಗುವ ಕಟ್ಟಿಗೆ ಒಲೆ. ಹಳಬರಿಗೆ ಹೆಸರು ನೆನಪಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ನಮಗೆಲ್ಲ ಟಾಟಾ ಇನ್‌ಸ್ಟಿಟ್ಯೂಟ್) 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಒಂದು ವಿಭಾಗ ಶುರು ಮಾಡಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿದರೆ ‘ಅಸ್ತ್ರ’ ಆಗುತ್ತದೆ. ಬಿಲ್ಲು ಬಾಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅವರ ಕೇಂದ್ರ ಇತ್ತು. ಬಯೋಗ್ಯಾಸ್, ಮಣ್ಣಿನ ಇಟ್ಟಿಗೆ, ಒಲೆ, ಎಲ್ಲದರ ಮೇಲೂ ಕೆಲಸ ಮಾಡಿದರು. ಆ ಒಲೆ ಎಂಬತ್ತರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗೆ ಬಂತು.

ನಮ್ಮ ಮನೆಗೂ ಆಗ ಒಂದು ಬಂದಿತ್ತು. ಯಾರೋ ಬಂದರು, ಒಂದೇ ದಿನದಲ್ಲಿ ಕಟ್ಟಿದರು, ಪಟ್ಟಿಯಲ್ಲಿ ಅಪ್ಪನ ಸಹಿ ಹಾಕಿಸಿಕೊಂಡು ಹೋದರು. ಮತ್ತೆ ಬರಲಿಲ್ಲ. ಆ ಒಲೆಯನ್ನು ಅಜ್ಜಿ ಒಂದು ವರ್ಷದೊಳಗೆ ಹಾರೆಯಿಂದ ಒಡೆದರು. ನಾನು ಪಕ್ಕದಲ್ಲಿ ನಿಂತು ಮಣ್ಣಿನ ಹೆಂಟೆ ಹೊತ್ತು ಹಾಕಿದ್ದೆ, ಭಾರೀ ಖುಷಿಯಿಂದ. ‘ಮುದುಕಿಗೆ ಹೊಸದು ಒಗ್ಗಲಿಲ್ಲ’ ಅಂತ ಅಪ್ಪ ಹೇಳಿದರು. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ.

ಈಗ ಗೊತ್ತಾಗುತ್ತದೆ, ಅಜ್ಜಿಯ ತಕರಾರು ಒಂದೊಂದೂ ಸರಿ ಇತ್ತು. ಒಲೆಯ ಕಣ್ಣು (ಪಾತ್ರೆ ಕೂರಿಸುವ ತೂತು) ಒಂದಳತೆ, ಅಜ್ಜಿಯ ಪಾತ್ರೆ ಇನ್ನೊಂದಳತೆ. ಕಟ್ಟಿಗೆ ತುರುಕುವ ಬಾಯಿ ಸಣ್ಣದು, ಅಜ್ಜಿಯ ಹತ್ತಿರ ಇದ್ದದ್ದು ಮಾರುದ್ದದ ಕೊಳ್ಳಿ. ಅದನ್ನು ಸೀಳಿ ಕೊಡುವವರು ಯಾರು? ಮನೆಯ ಗಂಡಸರಂತೂ ಸೀಳಲಿಲ್ಲ. ಚಿಮಣಿ ಕಟ್ಟಿಕೊಂಡಾಗ ಬಿಚ್ಚುವುದು ಹೇಗೆ ಅಂತ ಯಾರೂ ತೋರಿಸಿರಲಿಲ್ಲ. ‘ಹೊಗೆ ಇಲ್ದಿದ್ರೆ ಜಂತಿಗೆ ಹುಳ ಹಿಡಿಯುತ್ತೆ’ ಅಂತಲೂ ಅನ್ನುತ್ತಿದ್ದರು. ನಾವು ನಗುತ್ತಿದ್ದೆವು. ಹೋದ ವರ್ಷ ಹಿಂದಿನ ಅಡುಗೆಮನೆಯ ಪಕಾಸೆಯಿಂದ ಹಿಟ್ಟಿನ ಹಾಗೆ ಪುಡಿ ಉದುರುತ್ತಿತ್ತು. ಗೇರೆಣ್ಣೆ ಬಳಿಯಬೇಕಾಯಿತು.

ಈ ಸಲ ಹುಡುಕಿ ಕರೆದುಕೊಂಡು ಬಂದ ಮೇಸ್ತ್ರಿಗೆ ಅರವತ್ತು ದಾಟಿದೆ. ಬಂದವರು ಜಾಗ ನೋಡಲಿಲ್ಲ. ಅಂಗಳದಲ್ಲಿ ಕೂತು, ‘ಅಕ್ಕಾ, ದಿನಾ ಯಾವ ಪಾತ್ರೆ ಇಡ್ತೀರೋ ಅದನ್ನ ತನ್ನಿ’ ಅಂದರು. ಅಮ್ಮ ಒಳಗೆ ಹೋಗಿ ಪಾತ್ರೆಯ ಜೊತೆ ಒಂದು ದಾರವನ್ನೂ ತಂದರು. ಅನ್ನದ ತಪ್ಪಲೆಯ ಸುತ್ತಳತೆಗೆ ಒಂದು ಗಂಟು, ಸಾರಿನ ಪಾತ್ರೆಗೆ ಒಂದು, ತಾಮ್ರದ ನೀರಿನ ಪಾತ್ರೆಗೆ ಒಂದು. ಹಿಂದಿನ ದಿನವೇ ಅಳೆದು ಇಟ್ಟಿದ್ದರಂತೆ. ಮೇಸ್ತ್ರಿ ಆ ದಾರ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಕೆಲಸ ಶುರು.

ಹುತ್ತದ ಮಣ್ಣು, ಭತ್ತದ ಹೊಟ್ಟು, ಸಗಣಿ ಕಲಸಿ ಎರಡು ದಿನ ಕೊಳೆಯಿಸಿದ್ದು. ಒಳಗೆ ಇಟ್ಟಿಗೆ. ಬೆಂಕಿ ಉರಿಯುವ ಗೂಡಿನ ತಳಕ್ಕೆ ಕಬ್ಬಿಣದ ಜಾಲರಿ, ಅದರ ಕೆಳಗೆ ಬೂದಿ ಬೀಳುವ ಮತ್ತು ಗಾಳಿ ಬರುವ ದಾರಿ. ಮೊದಲ ಪಾತ್ರೆಗೆ ನೇರ ಉರಿ. ಆ ಬಿಸಿ ಅಲ್ಲಿಂದ ಎರಡನೆಯದರ ಕೆಳಗೆ ಹೋಗುತ್ತದೆ, ಅಲ್ಲಿಂದ ಮೂರನೆಯದಕ್ಕೆ, ಆಮೇಲೆ ಚಿಮಣಿ. ಎರಡನೇ ಕಣ್ಣಿನ ತಳದಲ್ಲಿ ಮೇಸ್ತ್ರಿ ಮಣ್ಣಿನ ಒಂದು ಉಬ್ಬು ಮಾಡಿದರು. ಉಬ್ಬಿಗೂ ಪಾತ್ರೆಯ ತಳಕ್ಕೂ ನಡುವೆ ತಮ್ಮ ಹೆಬ್ಬೆರಳು ತೂರಿಸಿ ನೋಡಿದರು. ಸಮಾಧಾನ ಆಗಲಿಲ್ಲ. ಸ್ವಲ್ಪ ಕೆರೆದರು, ಮತ್ತೆ ತೂರಿಸಿದರು. ಸಂದಿ ಜಾಸ್ತಿಯಾದರೆ ಬಿಸಿ ಪಾತ್ರೆಯನ್ನು ಮುಟ್ಟದೆ ಚಿಮಣಿಗೆ ಓಡಿಹೋಗುತ್ತದೆ. ಕಮ್ಮಿಯಾದರೆ ಹೊಗೆ ವಾಪಸ್ ಮುಖಕ್ಕೆ. ಇಡೀ ಒಲೆಯ ವಿದ್ಯೆ ಆ ಹೆಬ್ಬೆರಳಿನ ದಪ್ಪದಲ್ಲಿದೆ ಅಂತ ಆಮೇಲೆ ಗೊತ್ತಾಯಿತು.

ಮಾರ್ಚಿನಲ್ಲಿ ಕಟ್ಟಿದ್ದು. ಮೂರು ವಾರ ಒಣಗಲು ಬಿಟ್ಟು, ಆಮೇಲೂ ನಾಲ್ಕು ದಿನ ಬರೀ ಸಣ್ಣ ಬೆಂಕಿ. ಅವಸರ ಮಾಡಿದರೆ ಒಲೆ ಸೀಳುತ್ತದೆ.

ಇಷ್ಟೆಲ್ಲ ಮಾಡಿ ನಾನು ಎಡವಿದ್ದು ಚಿಮಣಿಯಲ್ಲಿ. ಹೆಂಚು ತೆಗೆದು ತೂತು ಮಾಡಿದರೆ ಸೋರುತ್ತದೆ ಅಂತ ಹೆದರಿ, ಗೋಡೆಯಲ್ಲೇ ಹೊರಗೆ ಹಾಕಿಸಿದೆ. ಪೇಟೆಯ ವೆಲ್ಡಿಂಗ್ ಅಂಗಡಿಯವರು ‘ಏನೂ ತೊಂದರೆ ಇಲ್ಲ ಸಾರ್’ ಅಂದು ಎರಡು ಬೆಂಡ್ ಹಾಕಿ, ನಾಲ್ಕಿಂಚಿನ ತಗಡಿನ ಕೊಳವೆಯನ್ನು ಸೂರಿನ ಕೆಳಗೇ ನಿಲ್ಲಿಸಿ ಹೋದರು. ಏಪ್ರಿಲ್, ಮೇ ಚೆನ್ನಾಗಿತ್ತು. ಜೂನಿನಲ್ಲಿ ಆಗುಂಬೆ ಕಡೆಯ ಗಾಳಿ ಶುರುವಾಯಿತು ನೋಡಿ. ಗಾಳಿ ಮನೆಯ ಮಾಡು ಹತ್ತಿ ಈಚೆ ಇಳಿಯುವಾಗ ಕೊಳವೆಯ ಒಳಗೆ ಹೊಗೆಯನ್ನು ಕೆಳಕ್ಕೆ ಒತ್ತುತ್ತಿತ್ತು. ಒಲೆಯ ಬಾಯಿಂದ ಹೊಗೆ ಬುಸ್ ಬುಸ್ ಅಂತ ಬರುತ್ತಿತ್ತು, ಹಾವಿನ ಹಾಗೆ. ಅಮ್ಮ ಒಂದು ಮಾತೂ ಆಡದೆ ಗ್ಯಾಸ್ ಹಚ್ಚಿದರು. ಬೈದಿದ್ದರೆ ವಾಸಿ ಇತ್ತು.

ಇನ್ನೊಂದು ತಪ್ಪು ಮಳೆ ಹಿಡಿದ ಮೇಲೆ ಕಂಡಿತು. ಕೊಳವೆಯ ಜೋಡಣೆಯಲ್ಲಿ ಟಾರಿನಂಥ ಕರಿ ಅಂಟು ಇಳಿದು ಗೋಡೆಯ ಮೇಲೆ ಉದ್ದಕ್ಕೆ ಗೆರೆ. ಮೊಣಕಾಲೆತ್ತರದಿಂದ ನೆಲದವರೆಗೆ, ಸುಣ್ಣದ ಮೇಲೆ ಕಾಡಿಗೆ ಸುರಿದ ಹಾಗೆ. ಕೈಯಲ್ಲಿ ಮುಟ್ಟಿದರೆ ಎರಡು ದಿನ ವಾಸನೆ ಹೋಗಲ್ಲ. ಹೊಗೆ ತಣ್ಣಗಾದಾಗ ಕೊಳವೆಯೊಳಗೆ ಈ ಅಂಟು ಕೂರುತ್ತದೆ, ಇಳಿಯುತ್ತದೆ. ಹಾಗಾಗಿ ಮೇಲಿನ ತುಂಡಿನ ತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು. ಆಗ ಅದು ಒಳಗೇ ಇಳಿದು ಒಲೆಗೆ ಬಂದು ಸುಟ್ಟುಹೋಗುತ್ತದೆ. ನಮ್ಮದರಲ್ಲಿ ಉಲ್ಟಾ ಆಗಿತ್ತು. ಮಳೆನೀರಿನ ಪೈಪ್ ಜೋಡಿಸುವ ಪ್ರತಿಯೊಬ್ಬನಿಗೂ ಗೊತ್ತಿರುವ ವಿಷಯ. ಹೊಗೆ ಮೇಲಕ್ಕೆ ಹೋಗುತ್ತದಲ್ವಾ ಅಂತ ನಾವೆಲ್ಲ ಸೇರಿ ತಲೆಕೆಳಗು ಯೋಚನೆ ಮಾಡಿದ್ದೆವು.

ಮಳೆ ಬಿಟ್ಟ ಎರಡು ದಿನ ಹಿಡಿದು ಎಲ್ಲ ಕಿತ್ತು, ಕೊಳವೆಯನ್ನು ನೆಟ್ಟಗೆ ಹೆಂಚಿನಿಂದ ಮೇಲಕ್ಕೆ ಒಯ್ದೆವು. ಮಾಡಿನ ನೆತ್ತಿಯ ಮೂಲೆಹೆಂಚಿಗಿಂತ ಮೂರಡಿ ಎತ್ತರ, ತುದಿಗೆ ತಗಡಿನ ಟೋಪಿ. ತೂತಿನ ಸುತ್ತ ತಗಡಿನ ಪಟ್ಟಿ ಬಡಿದು ಅಂಚು ಮೇಲಿನ ಹೆಂಚಿನ ಅಡಿಗೆ ತೂರಿಸಿದ್ದು. ಸೋರುತ್ತದೆಯೇ? ಒಂದೊಂದು ಹನಿ. ಅಷ್ಟಕ್ಕೆ ಒಂದು ಲೋಟ ಇಟ್ಟರಾಯಿತು, ಮಲೆನಾಡಿನಲ್ಲಿ ಅದೇನು ಹೊಸದಾ?

ಒಲೆ ಸರಿಯಾಯಿತು. ಈಗ ಉರಿಸುವವನು ಸರಿಯಾಗಬೇಕಿತ್ತು.

ನನಗೆ ಗೊತ್ತಿದ್ದ ಉರಿ ಹಾಕುವ ವಿದ್ಯೆ ಒಂದೇ, ಜಾಸ್ತಿ ಕಟ್ಟಿಗೆ ತುರುಕು, ಊದುಗೊಳವೆಯಲ್ಲಿ ಊದು. ಈ ಒಲೆಗೆ ಅದು ಆಗುವುದೇ ಇಲ್ಲ. ಕಟ್ಟಿಗೆ ಕಾದಾಗ ಅದರಿಂದ ಅನಿಲ ಹೊರಡುತ್ತದೆ, ನಾವು ನೋಡುವ ಉರಿ ಅಂದರೆ ಆ ಅನಿಲ ಉರಿಯುವುದು. ಹೊಗೆ ಅಂದರೆ ಉರಿಯದೆ ತಪ್ಪಿಸಿಕೊಂಡು ಹೋದ ಕಟ್ಟಿಗೆ. ಗೂಡು ತುಂಬ ತುರುಕಿದರೆ ಗಾಳಿ ಆಡಲ್ಲ, ಅರ್ಧ ಕಟ್ಟಿಗೆ ಹಾಗೇ ಚಿಮಣಿಯಲ್ಲಿ ಹೋಗುತ್ತದೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಮೂರು ನಾಲ್ಕು ಸೀಳು ಸಾಕು. ಅದು ಇಳಿದ ಹಾಗೆ ಇನ್ನೊಂದು. ಬಾಯಿಗೆ ತಗಡು ಮುಚ್ಚಿ, ಗಾಳಿ ಕೆಳಗಿನ ಜಾಲರಿಯಿಂದ ಮಾತ್ರ ಬರಬೇಕು. ಊದುಗೊಳವೆ ಈಗ ಗೋಡೆಗೆ ಒರಗಿಕೊಂಡು ನಿಂತಿದೆ, ನಿವೃತ್ತಿಯಾದ ಮೇಷ್ಟ್ರ ಹಾಗೆ.

ಬೆಳಿಗ್ಗೆ ಮೊದಲ ಬೆಂಕಿಗೆ ಒಂದು ಉಪಾಯ ಇದೆ. ರಾತ್ರಿಯೆಲ್ಲ ಚಿಮಣಿಯೊಳಗೆ ಥಂಡಿ ಗಾಳಿ ಕೂತಿರುತ್ತದೆ, ಅದು ಹೊಗೆಯನ್ನು ಮೇಲಕ್ಕೆ ಬಿಡಲ್ಲ. ಮೂರನೇ ಪಾತ್ರೆ ಎತ್ತಿ, ಚಿಮಣಿಯ ಬುಡದಲ್ಲಿ ಒಂದು ಹಿಡಿ ಒಣ ಸೋಗೆ ಹಚ್ಚಿ ಪಾತ್ರೆ ಇಟ್ಟುಬಿಡಿ. ಅರ್ಧ ನಿಮಿಷದಲ್ಲಿ ಕೊಳವೆ ಬಿಸಿಯಾಗಿ ‘ಹೂಂ’ ಅಂತ ಎಳೆಯಲು ಶುರು. ಆಮೇಲೆ ಮುಂದಿನ ಬೆಂಕಿ. ಮೂರೂ ಕಣ್ಣಿನ ಮೇಲೆ ಯಾವಾಗಲೂ ಪಾತ್ರೆ ಇರಬೇಕು. ಒಂದು ಖಾಲಿ ಬಿಟ್ಟರೆ ಅಲ್ಲಿಂದ ತಣ್ಣನೆ ಗಾಳಿ ನುಗ್ಗಿ ಎಳೆತ ಸತ್ತುಹೋಗುತ್ತದೆ. ಏನೂ ಬೇಯಿಸುವುದಿಲ್ಲ ಅಂದರೂ ನೀರಿಡಿ. ದನಕ್ಕೆ ಕೊಡುವ ಅಕ್ಕಚ್ಚು ಈಗ ದಿನಾ ಬೆಚ್ಚಗಿರುತ್ತದೆ.

ಕಟ್ಟಿಗೆ ಒಣಗಿರಬೇಕು ಅಂತ ಎಲ್ಲರಿಗೂ ಗೊತ್ತು, ಎಷ್ಟು ಒಣಗಿರಬೇಕು ಅಂತ ಗೊತ್ತಿಲ್ಲ. ಆಗಷ್ಟೇ ಕಡಿದ ಮರದಲ್ಲಿ ಸುಮಾರು ಅರ್ಧ ತೂಕ ನೀರೇ ಇರುತ್ತದೆ. ಅದನ್ನು ಉರಿಸುವುದು ಅಂದರೆ ಮೊದಲು ಕಟ್ಟಿಗೆಯನ್ನೇ ಬೇಯಿಸಿದ ಹಾಗೆ. ಬೇಸಿಗೆಯಲ್ಲೇ ಸೀಳಿ, ಗಾಳಿಯಾಡುವ ಹಾಗೆ ಒಟ್ಟಿ ಇಡಬೇಕು. ಒಣಗಿದ ಎರಡು ತುಂಡು ಬಡಿದರೆ ಕಟ್ ಕಟ್ ಅನ್ನುತ್ತದೆ, ಹಸಿಯಾದರೆ ದಪ್ ಅನ್ನುತ್ತದೆ. ನಮ್ಮಲ್ಲಿ ಅಕೇಶಿಯಾ ಬೇಕಾದಷ್ಟಿದೆ, ಚೆನ್ನಾಗಿ ಉರಿಯುತ್ತದೆ. ಬಿದಿರನ್ನು ಸೀಳದೆ ಹಾಕಬೇಡಿ, ಗಂಟು ಸಿಡಿದು ಅಮ್ಮನ ಸೀರೆಗೆ ಒಂದು ತೂತಾಗಿದೆ.

ಲೆಕ್ಕ ಕೇಳುವವರಿಗೆ ಒಂದು ಅಂದಾಜು. ಒಂದು ಕೆಜಿ ಗ್ಯಾಸಿನಲ್ಲಿ ಸುಮಾರು 11,000 ಕಿಲೋ ಕ್ಯಾಲೊರಿ ಶಾಖ, ಒಂದು ಕೆಜಿ ಒಣ ಕಟ್ಟಿಗೆಯಲ್ಲಿ ಸುಮಾರು 4,000. 14.2 ಕೆಜಿಯ ಸಿಲಿಂಡರಿನ ಶಾಖ ಹತ್ತಿರ ಹತ್ತಿರ 40 ಕೆಜಿ ಕಟ್ಟಿಗೆಯಲ್ಲಿದೆ. ಆದರೆ ಗ್ಯಾಸ್ ಒಲೆ ನೂರರಲ್ಲಿ 60 ಪಾಲನ್ನು ಪಾತ್ರೆಗೆ ಕೊಡುತ್ತದೆ, ಮೂರು ಕಲ್ಲಿನ ಒಲೆ 10–15 ಪಾಲು ಕೊಟ್ಟರೆ ಹೆಚ್ಚು. ಒಳ್ಳೆ ಒಲೆ 30 ಮುಟ್ಟಿತು ಅಂದುಕೊಳ್ಳಿ. ಆಗ ಒಂದು ಸಿಲಿಂಡರಿನ ಅಡುಗೆಗೆ ಇದರಲ್ಲಿ 80 ಕೆಜಿ ಕಟ್ಟಿಗೆ ಸಾಕು, ತೆರೆದ ಒಲೆಯಲ್ಲಿ 160ರಿಂದ 240 ಕೆಜಿ. ಅಷ್ಟು ಹೊರೆಯನ್ನು ಗುಡ್ಡದಿಂದ ತಲೆ ಮೇಲೆ ಹೊತ್ತು ತರುವವರು ಯಾರು ಅಂತ ನಿಮಗೆ ಗೊತ್ತು.

ತಿಂಗಳಿಗೊಮ್ಮೆ ಚಿಮಣಿ ಗುಡಿಸಬೇಕು. ಹಗ್ಗಕ್ಕೆ ಗೋಣಿಯ ಮುದ್ದೆ ಕಟ್ಟಿ ಮೇಲಿಂದ ಇಳಿಸಿ ಎಳೆಯುವುದು. ಒಂದು ಬಾಂಡ್ಲಿ ಮಸಿ ಬರುತ್ತದೆ. ಆ ಕೆಲಸ ನನ್ನದು, ಅಮ್ಮನದ್ದಲ್ಲ. ಇನ್ನೊಂದು ಮಾತು, ಮಳೆಗಾಲದಲ್ಲಿ ಬಾಣಂತಿ ಕೋಣೆಗೆ ಕೆಂಡ ತುಂಬಿದ ಬಾಂಡ್ಲಿ ಒಯ್ದು ಬಾಗಿಲು ಹಾಕುವ ರೂಢಿ ಇನ್ನೂ ಇದೆ. ದಯವಿಟ್ಟು ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಒಲೆ ಹಂಚುವ ಕಾರ್ಯಕ್ರಮ ಎಲ್ಲಾದರೂ ನಡೆದರೆ ನಾನು ಕೇಳುವುದು ಎರಡೇ. ಕಟ್ಟುವ ಮೊದಲು ಅಡುಗೆ ಮಾಡುವವರ ಪಾತ್ರೆ ಅಳೆದಿದ್ದೀರಾ? ಮಳೆಗಾಲ ಮುಗಿಯುವ ಮೊದಲು ಒಮ್ಮೆ ವಾಪಸ್ ಬರುತ್ತೀರಾ? ನಮ್ಮ ಮೇಸ್ತ್ರಿ ಆಗಸ್ಟಿನಲ್ಲಿ ಕರೆಯದೆಯೇ ಬಂದರು. ಮೊದಲ ಕಣ್ಣಿನ ಅಂಚು ಬಿರುಕು ಬಿಟ್ಟಿದ್ದಕ್ಕೆ ಮಣ್ಣು ಮೆತ್ತಿ, ಚಾ ಕುಡಿದು ಹೋದರು. ದುಡ್ಡು ಕೊಡಲು ಹೋದರೆ ‘ಅದು ಆವಾಗ್ಲೇ ಆಯ್ತಲ್ಲ ಅಣ್ಣಾ’ ಅಂದರು. ಅಜ್ಜಿಯ ಕಾಲದಲ್ಲಿ ಇಂಥವರೊಬ್ಬರು ಒಂದೇ ಸಲ ವಾಪಸ್ ಬಂದಿದ್ದರೆ ಆ ಹಾರೆ ಕೊಟ್ಟಿಗೆಯಲ್ಲೇ ಇರುತ್ತಿತ್ತೇನೋ.

ಆಚೆ ಮನೆಯವರು ಬರುವ ಮಾರ್ಚಿಗೆ ಒಲೆ ಹಾಕಿಸುತ್ತಾರಂತೆ. ನಿನ್ನೆ ಸಂಜೆ ಅಮ್ಮ ಹೊಸದೊಂದು ದಾರ ಹಿಡಿದುಕೊಂಡು ಬೇಲಿ ದಾಟಿ ಹೋದರು. ಒಂದು ಗಂಟೆ ಆದರೂ ಬರಲಿಲ್ಲ. ಹೋಗಿ ನೋಡಿದರೆ ಅವರ ಮನೆಯ ಅಷ್ಟೂ ಪಾತ್ರೆ ಜಗಲಿಯ ಮೇಲಿತ್ತು. ‘ಈ ಚರಿಗೆ ದಿನಾ ಇಡ್ತೀಯಾ, ಹಬ್ಬಕ್ಕೆ ಮಾತ್ರನಾ? ಸರಿಯಾಗಿ ಹೇಳು ಮಾರಾಯ್ತಿ’ ಅಂತ ಅಮ್ಮ ಕೇಳುತ್ತಿದ್ದರು.