ಮನೆಗೆ ಬರುವ ನರ್ಸಮ್ಮ: ಮಲಬಾರಿನಲ್ಲಿದ್ದು ಕೊಡಗಿನ ಬಗ್ಗೆ

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ, ಅದುವರೆಗೆ ಮದರಾಸು ರಾಜ್ಯದಲ್ಲಿದ್ದ ಮಲಬಾರು ಜಿಲ್ಲೆ ಹೊಸ ಕೇರಳಕ್ಕೆ ಸೇರಿತು. ಸೋಮವಾರಪೇಟೆಯ ಕಡೆ ಹುಟ್ಟಿ ಬೆಳೆದು, ಉದ್ಯೋಗದ ನಿಮಿತ್ತ ಬಹಳ ವರ್ಷಗಳಿಂದ ಕೋಳಿಕ್ಕೋಡಿನಲ್ಲಿ ನೆಲೆಸಿರುವ ನನಗೆ ಈ ಎರಡು ಸೀಮೆಗಳನ್ನು ಜೊತೆಯಲ್ಲಿಟ್ಟು ನೋಡುವುದು ರೂಢಿಯಾಗಿದೆ. ಎರಡೂ ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದವು. ಎರಡೂ ಸೇರಿದ್ದು ಜನರ ಆರೋಗ್ಯದ ಬಗ್ಗೆ ಮೊದಲೇ ಯೋಚಿಸಿದ್ದ ಸಂಸ್ಥಾನಗಳ ಪರಂಪರೆಯಿದ್ದ ರಾಜ್ಯಗಳಿಗೆ. ತಿರುವಾಂಕೂರು 1879ರಲ್ಲೇ ಸರ್ಕಾರಿ ನೌಕರರಿಗೂ ಶಾಲೆಯ ಮಕ್ಕಳಿಗೂ ಕೈದಿಗಳಿಗೂ ಸಿಡುಬಿನ ಲಸಿಕೆಯನ್ನು ಕಡ್ಡಾಯ ಮಾಡಿತ್ತು. ಮೈಸೂರು ಸಂಸ್ಥಾನವೂ ಹಿಂದೆ ಬಿದ್ದಿರಲಿಲ್ಲ: ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ನಡೆಸಿತು, 1930ರಲ್ಲಿ ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಹೀಗೆ ಒಂದೇ ದಿನ, ಹೆಚ್ಚುಕಡಿಮೆ ಒಂದೇ ಸ್ಥಿತಿಯಿಂದ ಹೊರಟ ಎರಡು ನೆರೆ ಸೀಮೆಗಳಲ್ಲಿ, ಹಾಸಿಗೆ ಹಿಡಿದ ಬಡವನ ಮನೆಗೆ ನರ್ಸ್ ಬರುವ ಏರ್ಪಾಡು ಒಂದರಲ್ಲಿ ನಿತ್ಯದ ಸಂಗತಿಯಾಗಿ, ಇನ್ನೊಂದರಲ್ಲಿ ಅಪರೂಪವಾಗಿಯೇ ಉಳಿದದ್ದು ಹೇಗೆ ಎಂಬುದು ನನ್ನನ್ನು ಬಹುಕಾಲದಿಂದ ಕಾಡಿದೆ.

ಕೋಳಿಕ್ಕೋಡಿನ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಪಾರ್ಶ್ವವಾಯುವಿನಿಂದ ಮಲಗಿದ್ದ ಹಿರಿಯರೊಬ್ಬರಿದ್ದರು. ಅವರ ಮನೆಯ ಮುಂದೆ ಗೊತ್ತುಪಡಿಸಿದ ದಿನ ಒಂದು ಜೀಪು ಬಂದು ನಿಲ್ಲುತ್ತಿತ್ತು. ಊರಿನವರ ಮಾತಿನಲ್ಲಿ ಅದು, ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸಿ ಆರೈಕೆ ಮಾಡುವ ‘ಪಾಲಿಯೇಟಿವ್‌ನವರ ವಂಡಿ’. ಅದರಿಂದ ನರ್ಸ್, ಆಶಾ ಕಾರ್ಯಕರ್ತೆ, ಕೆಲವೊಮ್ಮೆ ವಾರ್ಡಿನ ಸದಸ್ಯರೂ ಇಳಿಯುತ್ತಿದ್ದರು. ನರ್ಸ್ ಮೊದಲು ರೋಗಿಯನ್ನಲ್ಲ, ಮನೆಯವರನ್ನು ಮಾತಾಡಿಸುತ್ತಿದ್ದರು: ರಾತ್ರಿ ನಿದ್ದೆ ಬಂತೇ, ಊಟ ಎಷ್ಟು ಸೇರಿತು, ನೋಡಿಕೊಳ್ಳುವ ಸೊಸೆಯ ಬೆನ್ನುನೋವು ಹೇಗಿದೆ. ಆಮೇಲೆ ಮೂತ್ರದ ಟ್ಯೂಬ್ ಬದಲಿಸಿ, ಸೊಂಟದ ಕೆಳಗಿನ ಹಾಸಿಗೆ ಹುಣ್ಣನ್ನು ತೊಳೆದು, ವಾಸನೆ ಹೋಗಲು ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಉದುರಿಸಿ ಬಟ್ಟೆ ಕಟ್ಟುತ್ತಿದ್ದರು. ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕ್ರಮವನ್ನು ಮಗನ ಕೈಯಿಂದಲೇ ಮಾಡಿಸಿ ನೋಡುತ್ತಿದ್ದರು. ಆ ಮನೆಯವರು ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾದದ್ದು ಬಹಳ ಕಡಿಮೆ.

ಅದೇ ಕಾಲದಲ್ಲಿ ಕೊಡಗಿನಲ್ಲಿ ನನ್ನ ಸೋದರತ್ತೆ ಅದೇ ಕಾಯಿಲೆಯಿಂದ ಮಲಗಿದ್ದರು. ತೋಟದ ನಡುವಿನ ಮನೆ, ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ, ನೋಡಿಕೊಳ್ಳಲು ವಯಸ್ಸಾದ ಮಾವ ಮತ್ತು ಕೆಲಸದ ಹೆಂಗಸು. ಟ್ಯೂಬ್ ಕಟ್ಟಿಕೊಂಡಾಗಲೆಲ್ಲ ಅವರನ್ನು ಬೆಡ್‌ಶೀಟಿನಲ್ಲಿ ಎತ್ತಿ, ಬಾಡಿಗೆ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಗುಂಡಿಬಿದ್ದ ದಾರಿಯಲ್ಲಿ ಪೇಟೆಯ ಆಸ್ಪತ್ರೆಗೆ ಒಯ್ದು, ಹತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ ಕಾಯಬೇಕಾಗುತ್ತಿತ್ತು. ಸರ್ಕಾರಿ ಆರೋಗ್ಯ ಉಪಕೇಂದ್ರದ ಸಿಸ್ಟರ್ ಒಳ್ಳೆಯವರು, ಆ ದಾರಿಯಲ್ಲಿ ಬಂದಾಗ ಬಿ.ಪಿ. ನೋಡಿಯೇ ಹೋಗುತ್ತಿದ್ದರು. ಆದರೆ ಅವರ ಕೈಯಲ್ಲಿದ್ದ ಕೆಲಸಗಳೆಲ್ಲ ಬೇರೆ: ಗರ್ಭಿಣಿಯರ ನೋಂದಣಿ, ತಾಯಿ ಕಾರ್ಡ್, ಗುರುವಾರದ ಲಸಿಕೆ, ಕ್ಷಯದ ಸಮೀಕ್ಷೆ, ಜ್ವರದ ರಕ್ತಲೇಪನ, ಇವೆಲ್ಲದರ ವರದಿ. ಹಾಸಿಗೆ ಹಿಡಿದ ಮುದುಕಿಯ ಹುಣ್ಣು ತೊಳೆಯಲು ಅವರಿಗೆ ಬೇಕಾದ ಸಾಮಗ್ರಿಯಾಗಲಿ ಸಮಯವಾಗಲಿ ಯಾರೂ ಕೊಟ್ಟಿರಲಿಲ್ಲ.

ಮನೆಮನೆಗೆ ಹೋಗುವ ನರ್ಸಿನ ವೃತ್ತಿಯ ಮೂಲವನ್ನು ನೋಡಿದರೆ ನನಗೆ ಇದು ಇನ್ನಷ್ಟು ನೋವಿನ ಸಂಗತಿಯಾಗಿ ಕಾಣುತ್ತದೆ. 1859ರಲ್ಲಿ ಲಿವರ್‌ಪೂಲಿನ ವ್ಯಾಪಾರಿ ವಿಲಿಯಂ ರಾತ್‌ಬೋನ್ ಸಾವಿನ ಹಾಸಿಗೆಯಲ್ಲಿದ್ದ ತನ್ನ ಹೆಂಡತಿಯ ಆರೈಕೆಗೆ ಮೇರಿ ರಾಬಿನ್‌ಸನ್ ಎಂಬ ನರ್ಸನ್ನು ಇಟ್ಟುಕೊಂಡಿದ್ದರು. ಹೆಂಡತಿ ತೀರಿಕೊಂಡ ಮೇಲೆ, ಹಣವಿದ್ದ ತನ್ನ ಮನೆಗೇ ಆಕೆಯ ಆರೈಕೆ ಅಷ್ಟು ಆಸರೆಯಾಗಿದ್ದರೆ ಬಡವರ ಮನೆಗೆ ಇನ್ನೆಷ್ಟಾದೀತು ಎಂದು ಯೋಚಿಸಿ, ಆಕೆಯನ್ನೇ ನಗರದ ಬಡ ಕೇರಿಗೆ ಕಳಿಸಿದರು. ಅಲ್ಲಿನ ದುಃಖ ತಡೆಯಲಾರದೆ ಮೇರಿ ಮೊದಲು ಬಿಟ್ಟುಬಿಡುವೆನೆಂದರೂ, ಮುಂದುವರಿದಂತೆ ಆ ಕೆಲಸದ ಫಲ ಆಕೆಗೇ ಕಂಡಿತು. ಫ್ಲಾರೆನ್ಸ್ ನೈಟಿಂಗೇಲರ ಸಲಹೆಯಂತೆ 1862ರಲ್ಲಿ ಲಿವರ್‌ಪೂಲಿನಲ್ಲಿ ತರಬೇತಿ ಶಾಲೆ ಶುರುವಾಯಿತು, ನಗರವನ್ನು 18 ವಿಭಾಗಗಳಾಗಿ ಹಂಚಿ ನರ್ಸ್‌ಗಳನ್ನು ಮನೆಮನೆಗೆ ಕಳಿಸಲಾಯಿತು. 1893ರಲ್ಲಿ ನ್ಯೂಯಾರ್ಕಿನಲ್ಲಿ ಲಿಲಿಯನ್ ವಾಲ್ಡ್ ವಲಸಿಗರ ಕೇರಿಯಲ್ಲೇ ವಾಸಕ್ಕೆ ನಿಂತು, ಕಾಯಿಲೆಯ ಜೊತೆಗೆ ಬಾಡಿಗೆ, ಗಾಳಿಬೆಳಕು, ಮಕ್ಕಳ ಶಾಲೆ ಎಲ್ಲವೂ ನರ್ಸಿನ ವಿಷಯಗಳೇ ಎಂದು ತೋರಿಸಿಕೊಟ್ಟರು. ಅಂದರೆ ಸಾಯುತ್ತಿರುವವರ, ನರಳುತ್ತಿರುವವರ ಹಾಸಿಗೆಯ ಪಕ್ಕದಲ್ಲೇ ಈ ವೃತ್ತಿ ಹುಟ್ಟಿತು. ರೋಗ ತಡೆಯುವ ಕೆಲಸ ಅದರ ಜೊತೆಯಲ್ಲಿ ಬೆಳೆಯಿತು.

ಭಾರತಕ್ಕೆ ಬರುವಾಗ ಎರಡನೆಯದಷ್ಟೇ ಬಂತು. ಹೆರಿಗೆಯಲ್ಲಿ ಸಾಯುವ ತಾಯಂದಿರ, ವರ್ಷ ತುಂಬುವ ಮೊದಲೇ ಹೋಗುವ ಕೂಸುಗಳ ಸಂಖ್ಯೆ ಕಂಡರೆ ಅದು ಸಹಜವೂ ಆಗಿತ್ತು. 1918ರಲ್ಲಿ ದೆಹಲಿಯಲ್ಲಿ ಶುರುವಾದ, ಮುಂದೆ ಲೇಡಿ ರೀಡಿಂಗ್ ಹೆಸರು ಪಡೆದ ಶಾಲೆ ಹೆಲ್ತ್ ವಿಸಿಟರ್‌ಗಳನ್ನು ತಯಾರು ಮಾಡಿದ್ದು ತಾಯಿಮಕ್ಕಳ ರಕ್ಷಣೆಗೆಂದೇ. ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ 1946ರಲ್ಲಿ ಬಂದ ಭೋರ್ ಸಮಿತಿಯ ವರದಿ ಇದಕ್ಕಿಂತ ವಿಶಾಲವಾದ ನೋಟ ಕೊಟ್ಟಿತ್ತು: 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರಲ್ಲಿ ಇಬ್ಬರು ವೈದ್ಯರು, 4 ಮಂದಿ ಸಾರ್ವಜನಿಕ ಆರೋಗ್ಯ ನರ್ಸ್‌ಗಳು, ಮತ್ತೆ 4 ಮಂದಿ ಸೂಲಗಿತ್ತಿ ನರ್ಸ್‌ಗಳು. ಅಷ್ಟು ನರ್ಸ್‌ಗಳು ಹಳ್ಳಿಗಳಿಗೆ ಬರಲೇ ಇಲ್ಲ. ಬಂದವರು ಎಎನ್‌ಎಂಗಳು, ಅಂದರೆ ಸಹಾಯಕ ನರ್ಸ್ ಸೂಲಗಿತ್ತಿಯರು, ನಮ್ಮ ಉಪಕೇಂದ್ರದ ಸಿಸ್ಟರ್‌ಗಳು; ಅವರ ಮೇಲೆ 1960ರ ದಶಕದಿಂದ ಕುಟುಂಬ ಯೋಜನೆಯ ಗುರಿ ಬಿತ್ತು, 1973ರ ಕರ್ತಾರ್ ಸಿಂಗ್ ಸಮಿತಿಯ ವರದಿಯ ನಂತರ ಬಹೂದ್ದೇಶ ಕಾರ್ಯಕರ್ತೆಯೆಂಬ ಹೊರೆ ಬಿತ್ತು. 1996ರಲ್ಲಿ ಗುರಿಯ ಪದ್ಧತಿಯನ್ನು ಕೈಬಿಟ್ಟರೂ ಲೆಕ್ಕ ಬರೆಯುವ ಅಭ್ಯಾಸ ಉಳಿಯಿತು. ತಾಯಿ ಮತ್ತು ಶಿಶು ಮರಣವನ್ನು ತಗ್ಗಿಸುವಲ್ಲಿ ಈ ಹೆಣ್ಣುಮಕ್ಕಳ ಪಾಲು ಎಷ್ಟು ದೊಡ್ಡದೆಂದು ನನಗೆ ಗೊತ್ತು. ಆದರೆ ಈಗ ಊರುಗಳಲ್ಲಿ ಕೂಸುಗಳಿಗಿಂತ ಮುದುಕರು ಹೆಚ್ಚುತ್ತಿದ್ದಾರೆ. ಕೊಡಗಿನಲ್ಲಂತೂ ಓದಿದ ಮಕ್ಕಳು ನನ್ನ ಹಾಗೆ ಹೊರಗೆ ಹೋಗಿ, ದೊಡ್ಡ ಮನೆಯಲ್ಲಿ ಇಬ್ಬರು ಹಿರಿಯರು ಮಾತ್ರ ಉಳಿಯುವುದು ಎಲ್ಲ ಜಾತಿ, ಎಲ್ಲ ಭಾಷೆಯವರಲ್ಲೂ ಕಾಣುವ ಸಂಗತಿ.

ನೆಲದ ಲೆಕ್ಕವನ್ನೂ ಇಲ್ಲಿ ನೋಡಬೇಕು, ಏಕೆಂದರೆ ಈ ವಿಷಯದಲ್ಲಿ ಕೊಡಗಿನ ಸಿಸ್ಟರ್‌ಗೆ ಅನ್ಯಾಯವಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬಯಲು ಸೀಮೆಯಲ್ಲಿ 5,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನರಿಗೆ ಒಂದು ಉಪಕೇಂದ್ರವಿರಬೇಕೆಂಬುದು ರಾಷ್ಟ್ರೀಯ ನಿಯಮ. 2011ರ ಜನಗಣತಿಯಂತೆ ಕೇರಳದಲ್ಲಿ ಒಂದು ಚದರ ಕಿಲೋಮೀಟರಿಗೆ ಸುಮಾರು 860 ಜನರಿದ್ದರೆ ಕೊಡಗಿನಲ್ಲಿ ಸುಮಾರು 135. ಹಾಗಾಗಿ ಕೇರಳದಲ್ಲಿ 5,000 ಜನರು ಸರಾಸರಿ 6 ಚದರ ಕಿಲೋಮೀಟರಿನೊಳಗೆ ಸಿಗುತ್ತಾರೆ. ಕೊಡಗಿನಲ್ಲಿ 3,000 ಜನರನ್ನು ಕಾಣಲು 22 ಚದರ ಕಿಲೋಮೀಟರು ತಿರುಗಬೇಕು. ಅದರಲ್ಲಿ ಕಾಡೂ ಸೇರಿದೆ ಎನ್ನಬಹುದು, ಆದರೆ ಆ ಕಾಡನ್ನು ಸುತ್ತಿಕೊಂಡು ಹೋಗಬೇಕಾದವರೂ ಅವರೇ. ಮುಂಗಾರಿನ ನಾಲ್ಕು ತಿಂಗಳು ಮಳೆ, ಬೆಳಗ್ಗೆ ಸಂಜೆ ತೋಟದ ರಸ್ತೆಯಲ್ಲಿ ಆನೆಯ ಭಯ. ದಡಾರ ರುಬೆಲ್ಲಾ ಲಸಿಕೆಯನ್ನು ಒಮ್ಮೆ ದ್ರಾವಣ ಬೆರೆಸಿ ತೆರೆದರೆ 4 ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ನಾಲ್ಕು ಐಸ್ ಪ್ಯಾಕ್‌ಗಳ ಡಬ್ಬಿ ಹೆಗಲಿಗೆ ಹಾಕಿಕೊಂಡು ತೋಟದ ಕಾರ್ಮಿಕರ ಒಂದು ಲೈನ್ ಮನೆಯಿಂದ ಇನ್ನೊಂದಕ್ಕೆ ನಡೆಯುವ ಸಿಸ್ಟರ್‌ಗೆ ಆ ನಾಲ್ಕು ಗಂಟೆಗಳ ಬೆಲೆ ಏನೆಂದು ಬಯಲು ಸೀಮೆಯವರಿಗೆ ಅರ್ಥವಾಗುವುದು ಕಷ್ಟ.

ಆ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ಕಾಫಿ ಕೊಯ್ಲಿಗೆ ಬಂದು, ಅದು ಮುಗಿಯುತ್ತಿದ್ದಂತೆ ಬೇರೆ ತೋಟಕ್ಕೋ ಬೇರೆ ಜಿಲ್ಲೆಗೋ ಹೋಗುವ ಇವರ ಕೂಸಿಗೆ ಮೊದಲ ಲಸಿಕೆ ಒಂದು ಕಡೆ ಆದರೆ ಎರಡನೆಯದು ಎಲ್ಲಿ ಆಗಬೇಕೆಂಬುದು ಯಾವ ಉಪಕೇಂದ್ರದ ಪುಸ್ತಕದಲ್ಲೂ ಸುಲಭವಾಗಿ ಕೂರುವುದಿಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ವೈದ್ಯಕೀಯ ಸೌಲಭ್ಯದ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತಾದರೂ, ಅದರ ವ್ಯಾಪ್ತಿಗೆ ಬಾರದ ಸಣ್ಣ ತೋಟಗಳೇ ನಮ್ಮಲ್ಲಿ ಹೆಚ್ಚು. ಇನ್ನು ಬುಡಕಟ್ಟು ಜನರ ಕೇರಿಗಳಾದ ಹಾಡಿಗಳು. ಕೊಡಗಿನ ಕುಟ್ಟದ ಗಡಿ ದಾಟಿದರೆ ವಯನಾಡಿನ ತೋಲ್ಪೆಟ್ಟಿ. ಕೊಡಗಿನಲ್ಲಿ ಯರವರೆಂದು ಕರೆಸಿಕೊಳ್ಳುವವರ ಬಂಧುಗಳೇ ಆಚೆ ವಯನಾಡಿನಲ್ಲಿ ಅಡಿಯರೆಂದು ಕರೆಸಿಕೊಳ್ಳುತ್ತಾರೆ, ಪಣಿಯರು ಎರಡೂ ಕಡೆ ಇದ್ದಾರೆ. ವಯನಾಡಿನ ಈ ಕೇರಿಗಳೂ ಕೇರಳದ ಉಳಿದ ಭಾಗಕ್ಕಿಂತ ಆರೋಗ್ಯದಲ್ಲಿ ಹಿಂದೆ ಉಳಿದಿವೆ, ಆದ್ದರಿಂದ ಕೇರಳದಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳಲಾರೆ. ಕನ್ನಡ, ಕೊಡವ, ಮಲಯಾಳ, ಯರವ ಭಾಷೆಗಳ ಜೊತೆಗೆ ಈಗ ಹಿಂದಿಯನ್ನೂ ಒಂದೇ ಬೆಳಗ್ಗೆ ಆಡಿ ಬರುವ ಕೊಡಗಿನ ಸಿಸ್ಟರ್‌ಗಳಂಥವರನ್ನು ನಾನು ಕೇರಳದಲ್ಲಿ ಕಂಡಿಲ್ಲ. ಅವರ ಸಾಮರ್ಥ್ಯದ ಬಗ್ಗೆ ನನಗೆ ಸಂಶಯವೇ ಇಲ್ಲ. ಅವರ ಸುತ್ತ ಕಟ್ಟಿರುವ ವ್ಯವಸ್ಥೆಯ ಬಗ್ಗೆ ನನ್ನ ಆಕ್ಷೇಪ.

ಕೇರಳ ಆ ವ್ಯವಸ್ಥೆಯನ್ನು ಹೇಗೆ ಕಟ್ಟಿತೆಂದರೆ, ಮೊದಲು ಜನರು ಶುರು ಮಾಡಿದರು, ನಂತರ ಪಂಚಾಯಿತಿ ಕೈಹಾಕಿತು, ಕೊನೆಗೆ ಸರ್ಕಾರ ನೀತಿ ಮಾಡಿತು. 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಶಮನದ ಕ್ಲಿನಿಕ್ ತೆರೆದರು. ಬರಲಾಗದ ರೋಗಿಗಳೇ ಹೆಚ್ಚೆಂದು ತಿಳಿದಾಗ, ಮಲಪ್ಪುರಂ ಮೊದಲಾದ ಕಡೆ ಅಂಗಡಿಯವರು, ಅಧ್ಯಾಪಕರು, ವಿದ್ಯಾರ್ಥಿಗಳು ಸೇರಿ ನೆರೆಹೊರೆಯ ಗುಂಪು ಕಟ್ಟಿ, ಚಂದಾ ಎತ್ತಿ ನರ್ಸ್ ಇಟ್ಟು ಮನೆಗಳಿಗೆ ಕಳಿಸಿದರು. 1996ರ ಜನಕೀಯ ಯೋಜನೆಯಲ್ಲಿ ಹಣ ಮತ್ತು ಅಧಿಕಾರ ಪಡೆದಿದ್ದ ಪಂಚಾಯಿತಿಗಳಿಗೆ ಇದನ್ನು ವಹಿಸಿಕೊಳ್ಳುವುದು ಸಾಧ್ಯವಾಯಿತು, 2008ರಲ್ಲಿ ಕೇರಳ ಸರ್ಕಾರ ಉಪಶಾಮಕ (ಪಾಲಿಯೇಟಿವ್) ಆರೈಕೆಯ ನೀತಿಯನ್ನು ಪ್ರಕಟಿಸಿತು. ಪಂಚಾಯಿತಿಯ ಹಣದಿಂದ ನರ್ಸ್ ಮತ್ತು ಬಾಡಿಗೆ ವಾಹನ, ಆರೋಗ್ಯ ಕೇಂದ್ರದಿಂದ ಔಷಧಿ, ಊರಿನಿಂದ ಸ್ವಯಂಸೇವಕರು: ಇಷ್ಟೇ ಅದರ ರಚನೆ.

ಕೊಡಗು ಇದನ್ನು ಹಾಗೆಯೇ ಎತ್ತಿ ತಂದರೆ ನಡೆಯದು. ಕೇರಳದ ಒಂದು ಗ್ರಾಮ ಪಂಚಾಯಿತಿಯಲ್ಲಿ ಸಾಮಾನ್ಯವಾಗಿ 20,000ಕ್ಕೂ ಹೆಚ್ಚು ಜನರಿರುತ್ತಾರೆ. ನಮ್ಮ ಪಂಚಾಯಿತಿಗಳು ಚಿಕ್ಕವು, ವರಮಾನವೂ ಕಡಿಮೆ. ಆದ್ದರಿಂದ ಹೋಬಳಿಯೊಂದರ ಪಂಚಾಯಿತಿಗಳು ಸೇರಿ ಒಬ್ಬ ಮನೆ ಆರೈಕೆಯ ನರ್ಸನ್ನೂ, ಮಳೆಗಾಲದಲ್ಲೂ ತೋಟದ ದಾರಿ ಹತ್ತಬಲ್ಲ ಒಂದು ಜೀಪನ್ನೂ ಇಟ್ಟುಕೊಳ್ಳಬೇಕೆಂಬುದು ನನ್ನ ಸಲಹೆ. ಈಗಿರುವ ಸಿಸ್ಟರ್ ಮೇಲೆಯೇ ಈ ಕೆಲಸವನ್ನೂ ಹೇರುವುದು ಬೇಡವೇ ಬೇಡ. ಆಶಾ ಕಾರ್ಯಕರ್ತೆಯರಿಗೆ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆಂಬುದು ಬಾಯಿಪಾಠವಿರುತ್ತದೆ, ಪಟ್ಟಿಯನ್ನು ಅವರಿಂದ ಪಡೆದು ಆ ಕೆಲಸಕ್ಕೆ ಬೇರೆ ಗೌರವಧನ ಕೊಡಬೇಕು. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ತರಬೇತಿಗೂ, ನೋವು ಹೆಚ್ಚಾದ ರೋಗಿಗೆ ಮಾರ್ಫಿನ್ ಬರೆದುಕೊಡುವ ವೈದ್ಯರಿಗೂ ದೂರ ಹೋಗಬೇಕಿಲ್ಲ. ಹಣದ ಮಾತಿಗೆ ಬಂದರೆ, ಬೆಂಗಳೂರು, ದುಬೈ, ಕೋಳಿಕ್ಕೋಡುಗಳಲ್ಲಿರುವ ನಾವು ಊರ ಹಬ್ಬಕ್ಕೂ ಹಾಕಿ ಪಂದ್ಯಕ್ಕೂ ಕೊಡುವುದರಲ್ಲಿ ಒಂದು ಪಾಲನ್ನು ಜೀಪಿನ ಡೀಸೆಲ್‌ಗೆ ತೆಗೆದಿಟ್ಟರೆ ಸಾಕು. ಮಲಪ್ಪುರದ ಅಂಗಡಿಯವರು ಮಾಡಿದ್ದು ಅದನ್ನೇ.

ಒಂದು ವಿಷಯದಲ್ಲಿ ಮಾತ್ರ ಕೊಡಗು ಕೇರಳದ ದಾರಿ ಹಿಡಿಯಬಾರದು. ಇಲ್ಲಿನ ಪಂಚಾಯಿತಿಗಳ ಪಾಲಿಯೇಟಿವ್ ನರ್ಸ್‌ಗಳಲ್ಲಿ ಹೆಚ್ಚಿನವರು ಗುತ್ತಿಗೆಯವರು. ವರ್ಷಗಟ್ಟಲೆ ಊರಿನ ಹುಣ್ಣುಗಳನ್ನು ತೊಳೆದರೂ ಅವರಿಗೆ ಕೆಲಸದ ಭದ್ರತೆಯಿಲ್ಲ. ಕೊಡಗಿನಲ್ಲಿ ಈ ಹುದ್ದೆಯನ್ನು ಸೃಷ್ಟಿಸುವುದಾದರೆ ಮೊದಲ ದಿನದಿಂದಲೇ ಅದನ್ನು ಖಾಯಂ ಹುದ್ದೆಯಾಗಿ, ಗುಡ್ಡಗಾಡಿನ ಭತ್ಯೆಯೊಂದಿಗೆ, ತೋಟದ ದಾರಿಯಲ್ಲಿ ಒಂಟಿಯಾಗಿ ಹೋಗದಂತೆ ಇನ್ನೊಬ್ಬರ ಜೊತೆಯೊಂದಿಗೆ ಸೃಷ್ಟಿಸಬೇಕು.