ಹೊದಿಕೆ ಬೆಳೆ ಹಾಕಿದ ಮೇಲೆ ಗೊಬ್ಬರ ಬೇಡ್ವಾ? ಸ್ಪಷ್ಟನೆ

"ಒಂದೇ ಒಂದು ಹಂಗಾಮು ಹೊದಿಕೆ ಬೆಳೆ ಹಾಕಿ, ಆಮೇಲೆ ಗೋಧಿಗೋ ಮೆಕ್ಕೆಜೋಳಕ್ಕೋ ಗೊಬ್ಬರವೇ ಬೇಡ" ಅಂತ ಒಂದು ಸಂದೇಶ ಎಲ್ಲ ಕಡೆ ಓಡಾಡ್ತಿದೆ. ದಯವಿಟ್ಟು ಇದನ್ನು ನಂಬಿ ಗೊಬ್ಬರ ನಿಲ್ಲಿಸಬೇಡಿ.

ಹೊದಿಕೆ ಬೆಳೆ, ಅಂದರೆ ಮುಖ್ಯ ಬೆಳೆ ಇಲ್ಲದ ಹೊತ್ತಲ್ಲಿ ಮಣ್ಣನ್ನು ಮುಚ್ಚಿಡೋಕೆ ಹಾಕುವ ಬೆಳೆ, ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಮಣ್ಣು ಕೊಚ್ಚಿ ಹೋಗಲ್ಲ, ಕಳೆ ಕಡಿಮೆ, ನೀರು ಚೆನ್ನಾಗಿ ಇಂಗುತ್ತದೆ. ಆದರೆ ಗಾಳಿಯ ಸಾರಜನಕವನ್ನು ಹಿಡಿದಿಡೋದು ಹಸಿರೆಲೆ ಗೊಬ್ಬರದ ಸೆಣಬು (ಸನ್‌ಹೆಂಪ್), ಅಲಸಂದೆ, ಹುರುಳಿಯಂಥ ದ್ವಿದಳ ಬೆಳೆಗಳು ಮಾತ್ರ, ಅದೂ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾದಿಂದ. ಗಂಟನ್ನು ಸೀಳಿ ನೋಡಿ, ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೀತಿದೆ ಅಂತ ಅರ್ಥ. ರಂಜಕ, ಪೊಟ್ಯಾಷ್ ಮಾತ್ರ ಯಾವ ಬೆಳೆಯೂ ಹೊಸದಾಗಿ ಹುಟ್ಟಿಸಲ್ಲ, ಇದ್ದದ್ದನ್ನೇ ಹೀರಿ ವಾಪಸ್ ಕೊಡುತ್ತದೆ ಅಷ್ಟೆ.

ರೈ, ಓಟ್ಸ್ ಥರದ ಹುಲ್ಲುಜಾತಿ ಹಾಕಿದರೆ ಕಥೆಯೇ ಬೇರೆ. ಅವು ಬಲಿತು ಒಣಹುಲ್ಲಾದಾಗ ಒಂದು ಪಾಲು ಸಾರಜನಕಕ್ಕೆ ಸುಮಾರು 80 ಪಾಲು ಇಂಗಾಲ ಇರಬಹುದು, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಸುಮಾರು 25 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ, ಹಾಗಾಗಿ ಕೊರತೆ ಬಿದ್ದ ಸಾರಜನಕವನ್ನು ಅವು ಮಣ್ಣಿನಿಂದಲೇ ಎಳೆದುಕೊಂಡು ಮುಖ್ಯ ಬೆಳೆಯನ್ನು ಕೆಲವು ವಾರ ಹಳದಿ ಮಾಡಿಬಿಡುತ್ತವೆ. ಇದನ್ನೇ ಆ ಸಂದೇಶ ಹೇಳಲ್ಲ.

ಮಳೆ ಕಮ್ಮಿ ಇರುವ ಕಡೆ ಇನ್ನೂ ಹುಷಾರಾಗಿರಬೇಕು. ಹೊದಿಕೆ ಬೆಳೆಯೂ ನೀರು ಕುಡಿಯುತ್ತದೆ ಅಲ್ವಾ? ತಡವಾಗಿ ಕಡಿದರೆ ಬಿತ್ತನೆಗೆ ತೇವವೇ ಉಳಿಯಲ್ಲ. ಮಣ್ಣಿನ ಸಾವಯವ ಅಂಶ ಏರೋದಕ್ಕಂತೂ ವರ್ಷಗಳೇ ಬೇಕು. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ದ್ವಿದಳವನ್ನು ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿ, ಸಾರಜನಕ ಗೊಬ್ಬರವನ್ನು ಫಲಿತಾಂಶ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಇಳಿಸಿ.